ಬೈಂಡಿಂಗ್ ಅಂಗಡಿಯ ಏಳು ವರ್ಷ: ಮೈಕೆಲ್ ಫ್ಯಾರಡೆ ಕಲಿತ ಬಗೆ

1805ರ ಅಕ್ಟೋಬರ್ 7ರಂದು ಲಂಡನ್ನಿನಲ್ಲಿ ಒಂದು ಕರಾರು ಪತ್ರ ಆಯಿತು. ಹದಿನಾಲ್ಕು ವರ್ಷದ ಹುಡುಗನೊಬ್ಬ ಜಾರ್ಜ್ ರೀಬೋ ಅನ್ನುವವರ ಬಳಿ ಏಳು ವರ್ಷ ಅಪ್ರೆಂಟಿಸ್ ಆಗಿ ಇರಬೇಕು ಅನ್ನುವ ಕರಾರು ಅದು. ರೀಬೋ ಪುಸ್ತಕ ಮಾರುತ್ತಿದ್ದರು, ಬೈಂಡಿಂಗ್ ಮಾಡುತ್ತಿದ್ದರು. ಕಸುಬು ಕಲಿಸಲು ಹುಡುಗನ ಮನೆಯವರಿಂದ ಮಾಲೀಕ ದುಡ್ಡು ತೆಗೆದುಕೊಳ್ಳುವುದು ಆಗಿನ ರೂಢಿ. ಈ ಪತ್ರದಲ್ಲಿ ಮಾತ್ರ, ಹುಡುಗನ ನಿಯತ್ತಿನ ಸೇವೆಯನ್ನು ನೋಡಿ ಯಾವ ಹಣವನ್ನೂ ಪಡೆದಿಲ್ಲ ಎಂದು ಬರೆದಿತ್ತು.

ಆ ಹುಡುಗ ಮೈಕೆಲ್ ಫ್ಯಾರಡೆ. 1831ರಲ್ಲಿ ಕಾಂತದಿಂದ ವಿದ್ಯುತ್ ಹುಟ್ಟಿಸಿ ತೋರಿಸಿದವರು. ಇವತ್ತಿನ ಜನರೇಟರ್, ಟ್ರಾನ್ಸ್‌ಫಾರ್ಮರ್ ಎರಡಕ್ಕೂ ಬೇರು ಅಲ್ಲಿದೆ.

ಅವರ ಬಾಲ್ಯದ ಕತೆಯನ್ನು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ: ಬಡವರ ಹುಡುಗ, ಶಾಲೆಗೆ ಸರಿಯಾಗಿ ಹೋಗಲಿಲ್ಲ, ತಾನೇ ಓದಿ ದೊಡ್ಡ ವಿಜ್ಞಾನಿಯಾದ. ಮಕ್ಕಳಿಗೆ ಹುರುಪು ಬರಲಿ ಅಂತ ಹೀಗೆ ಹೇಳುತ್ತಾರೆ ಅನ್ನುವುದು ನನಗೆ ಗೊತ್ತು. ಆದರೂ ಕೇಳಿದಾಗಲೆಲ್ಲ ಮನಸ್ಸಿಗೆ ಕಸಿವಿಸಿ ಆಗುತ್ತದೆ. ಆ ಒಂದು ಸಾಲಿನಲ್ಲಿ ಎಷ್ಟೋ ಜನ ಕಾಣೆಯಾಗುತ್ತಾರೆ. ಒಂದು ಶಿಲ್ಲಿಂಗ್ ಕೊಟ್ಟ ಅಣ್ಣ, ಅಂಗಡಿಯ ಒಲೆಯನ್ನೂ ಪುಸ್ತಕಗಳನ್ನೂ ಬಿಟ್ಟುಕೊಟ್ಟ ಮಾಲೀಕ, ಚಿತ್ರ ಬರೆಯಲು ಕಲಿಸಿದ ಬಾಡಿಗೆದಾರ, ವ್ಯಾಕರಣ ತಿದ್ದಿದ ಗೆಳೆಯ, ಯಾರೂ ಅದರಲ್ಲಿಲ್ಲ. ಹುಡುಗ ಸಾವಿರಾರು ಗಂಟೆ ಕೈಯಾರೆ ಮಾಡಿದ ಕೆಲಸವೂ ಕಾಣೆಯಾಗುತ್ತದೆ. ಆ ಏಳು ವರ್ಷವನ್ನು ನಾನು ಒಂದು ಪೂರ್ತಿ ಶಾಲೆ ಅಂತಲೇ ನೋಡುತ್ತೇನೆ. ಪಾಠ, ನೋಟ್ಸ್, ಪ್ರಯೋಗ, ತಿದ್ದುಪಡಿ ಎಲ್ಲವೂ ಅಲ್ಲಿತ್ತು. ಹುಟ್ಟಿನಿಂದ 1813ರ ಮಾರ್ಚ್‌ವರೆಗೆ ಅದು ಹೇಗೆ ನಡೆಯಿತು ಅನ್ನುವುದನ್ನು ಈ ಅಧ್ಯಯನದಲ್ಲಿ ನೋಡೋಣ.

ಮನೆ

ಮೈಕೆಲ್ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ತೆಂಕಣ ಅಂಚಿನ ನ್ಯೂಯಿಂಗ್ಟನ್ ಬಟ್ಸ್‌ನಲ್ಲಿ. ತಂದೆ ಜೇಮ್ಸ್ ಕಮ್ಮಾರ. ಇಂಗ್ಲೆಂಡಿನ ಉತ್ತರ ಭಾಗದಿಂದ ಕೆಲಸ ಹುಡುಕಿಕೊಂಡು ಹೆಂಡತಿ ಮಾರ್ಗರೆಟ್ ಜೊತೆ ಲಂಡನ್ನಿಗೆ ಬಂದವರು. ನಾಲ್ಕು ಮಕ್ಕಳಲ್ಲಿ ಮೈಕೆಲ್ ಮೂರನೆಯವನು. ಅಕ್ಕ ಎಲಿಜಬೆತ್, ಅಣ್ಣ ರಾಬರ್ಟ್, ಆಮೇಲೆ ಹುಟ್ಟಿದ ತಂಗಿ ಮಾರ್ಗರೆಟ್. ಮುಂದೆ ಅವರು ಜೇಕಬ್ಸ್ ವೆಲ್ ಮ್ಯೂಸ್ ಅನ್ನುವ ಓಣಿಯಲ್ಲಿ ಸಾರೋಟು ನಿಲ್ಲಿಸುವ ಕೊಟ್ಟಿಗೆಯ ಮೇಲಿನ ಕೋಣೆಗಳಲ್ಲಿ ವಾಸ ಮಾಡಿದರು.

ತಂದೆಗೆ ಆರೋಗ್ಯ ಸರಿ ಇರಲಿಲ್ಲ. ಸುತ್ತಿಗೆ ಹಿಡಿಯುವ ಕೆಲಸ ಬೇರೆ. ಎಷ್ಟೋ ದಿನ ದುಡಿಮೆ ಇರುತ್ತಿರಲಿಲ್ಲ. 1801ರಲ್ಲಿ ಧಾನ್ಯದ ಬೆಲೆ ವಿಪರೀತ ಏರಿದಾಗ ಒಂಬತ್ತು ವರ್ಷದ ಮೈಕೆಲ್‌ಗೆ ವಾರಕ್ಕೆ ಒಂದು ಬ್ರೆಡ್ ಸಿಗುತ್ತಿತ್ತು. ಒಂದು ಇಡೀ ಬ್ರೆಡ್, ಏಳು ದಿನ. ಅದನ್ನು ಅವನೇ ಹಂಚಿಕೊಂಡು ತಿನ್ನಬೇಕು.

ಮನೆಯಲ್ಲಿ ದುಡ್ಡಿರಲಿಲ್ಲ, ಶಿಸ್ತು ಮಾತ್ರ ಗಟ್ಟಿಯಾಗಿತ್ತು. ಅವರು ಸ್ಯಾಂಡಮೇನಿಯನ್ ಅನ್ನುವ ಚಿಕ್ಕ ಕ್ರೈಸ್ತ ಪಂಗಡದ ಜೊತೆ ಇದ್ದರು. ಆಡಂಬರ ಇಲ್ಲದ ಬದುಕು, ಬೈಬಲ್ಲಿನ ಮಾತನ್ನು ಇದ್ದ ಹಾಗೇ ನಂಬುವುದು, ಆಸ್ತಿ ಕೂಡಿಡಬಾರದು ಅನ್ನುವುದು, ಒಬ್ಬರಿಗೊಬ್ಬರು ಆಗುವುದು. ಫ್ಯಾರಡೆ ಕೊನೆಯವರೆಗೂ ಈ ಪಂಗಡವನ್ನು ಬಿಡಲಿಲ್ಲ.

ಶಾಲೆಯ ಬಗ್ಗೆ ಅವರೇ ಹೇಳಿದ್ದು ತುಂಬ ಕಡಿಮೆ. ತಮ್ಮ ಓದು ತೀರಾ ಸಾಮಾನ್ಯದ್ದು, ಓದು, ಬರಹ, ಲೆಕ್ಕದ ಮೊದಲ ಪಾಠಗಳಿಗಿಂತ ಹೆಚ್ಚೇನೂ ಇರಲಿಲ್ಲ, ಶಾಲೆ ಬಿಟ್ಟ ಮೇಲಿನ ಹೊತ್ತೆಲ್ಲ ಮನೆಯಲ್ಲಿ, ಬೀದಿಯಲ್ಲಿ ಕಳೆಯಿತು ಎಂದಿದ್ದಾರೆ.

ಒಂದು ಘಟನೆ ಮಾತ್ರ ಉಳಿದುಕೊಂಡು ಬಂದಿದೆ. ಹುಡುಗನಿಗೆ ‘ರ’ ನಾಲಿಗೆಗೆ ಬರುತ್ತಿರಲಿಲ್ಲ. ಅಣ್ಣ ರಾಬರ್ಟ್‌ನನ್ನು ‘ವಾಬರ್ಟ್’ ಅಂತ ಕರೆಯುತ್ತಿದ್ದ. ಅದನ್ನು ಹೊಡೆದು ಸರಿ ಮಾಡುತ್ತೇನೆ ಎಂದು ಹೊರಟರು ಶಾಲೆಯ ಶಿಕ್ಷಕಿ. ಬೆತ್ತ ತರಲು ರಾಬರ್ಟ್‌ನ ಕೈಗೇ ಅರ್ಧ ಪೆನ್ನಿ ಕೊಟ್ಟು ಕಳಿಸಿದರು. ತಮ್ಮನಿಗೆ ಹೊಡೆಯಲು ಅಣ್ಣನೇ ಬೆತ್ತ ತರಬೇಕಂತೆ! ರಾಬರ್ಟ್ ಆ ನಾಣ್ಯವನ್ನು ಗೋಡೆಯಾಚೆ ಎಸೆದ. ನೇರ ಮನೆಗೆ ಹೋಗಿ ಅಮ್ಮನಿಗೆ ಹೇಳಿದ. ಅಮ್ಮ ಬಂದು ಇಬ್ಬರನ್ನೂ ಆ ಶಾಲೆಯಿಂದ ಬಿಡಿಸಿದಳು.

ಅಮ್ಮ ಮಾಡಿದ್ದು ದುಡುಕು ಅಂತ ನನಗೆ ಅನಿಸುವುದಿಲ್ಲ. ನಾಲಿಗೆ ತೊದಲಿದ್ದಕ್ಕೆ ಬೆತ್ತದ ರುಚಿ ಕಂಡ ಮಗು ಆಮೇಲೆ ಬಾಯಿ ಬಿಡುವುದನ್ನೇ ನಿಲ್ಲಿಸಬಹುದು. ಈ ಮಗು ಮುಂದೆ ತನ್ನ ಕಾಲದ ಅತಿ ಒಳ್ಳೆಯ ವಿಜ್ಞಾನ ಭಾಷಣಕಾರ ಎಂದು ಹೆಸರು ಮಾಡಿತು. ಅದಕ್ಕೆ ದಾರಿ ಮುಚ್ಚದ ಹಾಗೆ ಅವತ್ತು ನೋಡಿಕೊಂಡವರು ಒಬ್ಬ ಅಣ್ಣ, ಒಬ್ಬ ಅಮ್ಮ.

ಪೇಪರ್ ಹಂಚುವ ಹುಡುಗ

1804ರಲ್ಲಿ ಹದಿಮೂರು ವರ್ಷಕ್ಕೆ ಮೈಕೆಲ್ ಕೆಲಸಕ್ಕೆ ಸೇರಿದ. ಬ್ಲ್ಯಾಂಡ್‌ಫರ್ಡ್ ಸ್ಟ್ರೀಟಿನ 2ನೇ ನಂಬರಿನ ರೀಬೋ ಅಂಗಡಿ ಮನೆಯಿಂದ ಕೂಗಳತೆ ದೂರ. ಆಗ ಪತ್ರಿಕೆ ದುಬಾರಿ. ಎಲ್ಲರೂ ಕೊಳ್ಳಲು ಆಗುತ್ತಿರಲಿಲ್ಲ, ಬಾಡಿಗೆಗೆ ತಂದು ಓದುತ್ತಿದ್ದರು. ಒಂದು ಮನೆಗೆ ಕೊಡುವುದು, ಅವರು ಓದಿದ ಮೇಲೆ ವಾಪಸು ತಂದು ಇನ್ನೊಂದು ಮನೆಗೆ ಮುಟ್ಟಿಸುವುದು. ಇದು ಹುಡುಗನ ಕೆಲಸ. ಭಾನುವಾರ ಬೆಳಗ್ಗೆ ಬೇಗ ಎದ್ದು ಓಡಬೇಕಿತ್ತು, ಇಲ್ಲವಾದರೆ ಅಪ್ಪ ಅಮ್ಮನ ಜೊತೆ ಪ್ರಾರ್ಥನೆಗೆ ಹೋಗಲು ಹೊತ್ತು ಮೀರುತ್ತಿತ್ತು. ಇನ್ನೂ ಓದಿ ಆಗಿಲ್ಲ, ಆಮೇಲೆ ಬಾ ಅಂದವರ ಬಾಗಿಲಲ್ಲಿ ನಿಂತು ಗೋಗರೆಯುತ್ತಿದ್ದ.

ಆ ದಿನಗಳದ್ದೇ ಒಂದು ಚಿಕ್ಕ ಕತೆ ನನಗೆ ಬಹಳ ಇಷ್ಟ. ಒಂದು ಮನೆಯ ಬಾಗಿಲು ತಟ್ಟಿ ಕಾಯುತ್ತಿದ್ದಾಗ ಪಕ್ಕದ ಮನೆಯ ಕಡೆಗಿದ್ದ ಕಬ್ಬಿಣದ ಸರಳುಗಳ ನಡುವೆ ತಲೆ ತೂರಿಸಿದ. ತಲೆ ಆಚೆ, ಮೈ ಈಚೆ. ಹಾಗಾದರೆ ನಾನು ಯಾವ ಕಡೆ ಇದ್ದೇನೆ ಅಂತ ಯೋಚಿಸುತ್ತಾ ನಿಂತ. ಅಷ್ಟರಲ್ಲಿ ಬೆನ್ನ ಹಿಂದೆ ಆ ಮನೆಯ ಬಾಗಿಲು ತೆರೆಯಿತು. ಗಾಬರಿಯಿಂದ ತಲೆ ಎಳೆದುಕೊಂಡ, ಮೂಗಿಗೆ ಪೆಟ್ಟು ಬಿದ್ದು ರಕ್ತ ಬಂತು, ಪ್ರಶ್ನೆ ಮರೆತೇ ಹೋಯಿತು. ಮಕ್ಕಳು ಇಂಥ ಪ್ರಶ್ನೆ ದಿನಾ ಕೇಳಿಕೊಳ್ಳುತ್ತಾರೆ, ಅಲ್ವಾ? ಇದನ್ನು ಹುಟ್ಟು ಪ್ರತಿಭೆಯ ಗುರುತು ಅಂತ ನಾನು ಹೇಳಲಾರೆ. ದುಡಿಯಲು ಹೋದ ಮೇಲೂ ಆ ಹುಡುಗನೊಳಗೆ ಪ್ರಶ್ನೆ ಸತ್ತಿರಲಿಲ್ಲ ಅನ್ನುವುದಷ್ಟೇ ಇಲ್ಲಿ ನನಗೆ ಕಾಣುವುದು. ಒಂದು ವರ್ಷ ಹೀಗೆ ಓಡಾಡಿದ ಮೇಲೆ ಅಪ್ರೆಂಟಿಸ್ ಕರಾರು ಆಯಿತು.

ಕೈ ಕಟ್ಟುವ ಪುಸ್ತಕ, ಕಣ್ಣು ಓದುವ ಪುಸ್ತಕ

ಪುಸ್ತಕ ಕಟ್ಟುವುದು ತಾಳ್ಮೆಯ ಕೆಲಸ. ಅಚ್ಚಾದ ಹಾಳೆಗಳನ್ನು ಮಡಿಸಬೇಕು, ಪುಟದ ಕ್ರಮ ತಪ್ಪದಂತೆ ಜೋಡಿಸಬೇಕು, ದಾರ ಹಾಕಿ ಹೊಲಿಯಬೇಕು, ಬೆನ್ನಿಗೆ ಅಂಟು ಸವರಬೇಕು, ಒತ್ತಡ ಕೊಟ್ಟು ಒಣಗಲು ಬಿಡಬೇಕು, ರಟ್ಟು ಕೂರಿಸಿ ತೊಗಲು ಎಳೆದು ಹೊದಿಸಬೇಕು. ಒಂದು ಮಡಿಕೆ ಓರೆಯಾದರೆ ಇಡೀ ಪುಸ್ತಕ ಓರೆ. ಏಳು ವರ್ಷ ಇದನ್ನು ಮಾಡಿದ ಕೈಗೆ ಏನು ಬರುತ್ತದೆ? ಅಳತೆ ಬರುತ್ತದೆ. ಕಾಯುವುದು ಬರುತ್ತದೆ. ಯಾವ ವಸ್ತು ಎಷ್ಟು ಎಳೆದರೆ ಹರಿಯುತ್ತದೆ ಅನ್ನುವ ಅರಿವು ಬೆರಳಿಗೇ ಬರುತ್ತದೆ. ಯುರೋಪಿನಲ್ಲೇ ಕೈಚಳಕಕ್ಕೆ ಹೆಸರಾದ ಪ್ರಯೋಗಕಾರನ ಲ್ಯಾಬ್ ತರಬೇತಿ ಶುರುವಾದದ್ದು ಇಲ್ಲಿ ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ.

ಜೊತೆಗೆ ಓದು. ಕಟ್ಟಲು ಬಂದ ಪುಸ್ತಕವನ್ನು ಹುಡುಗ ತೆರೆದು ಓದುತ್ತಿದ್ದ. ರೀಬೋ ಅದಕ್ಕೆ ಗದರಲಿಲ್ಲ. ಕೆಲಸ ಮುಗಿದ ಮೇಲೆ ಅವನು ಪುಸ್ತಕಗಳಿಂದ ಚಿತ್ರ, ಬರಹ ನಕಲು ಮಾಡಿಕೊಳ್ಳುತ್ತಾ ಕೂರುತ್ತಿದ್ದ ಎಂದು ರೀಬೋ ಆಮೇಲೆ ಪತ್ರವೊಂದರಲ್ಲಿ ನೆನಪಿಸಿಕೊಂಡಿದ್ದಾರೆ. ಆ ಮಾಲೀಕರ ಬಗ್ಗೆ ನನಗೆ ತುಂಬ ಗೌರವ. ಗಿರಾಕಿಯ ಪುಸ್ತಕ ಕೈಯಲ್ಲಿ ಹಿಡಿದು ಓದುತ್ತಾ ಕೂತ ಹುಡುಗನನ್ನು ಎಷ್ಟು ಜನ ಮಾಲೀಕರು ಸುಮ್ನೆ ಬಿಟ್ಟಾರು?

ಮೂರು ಪುಸ್ತಕಗಳು ಅವನನ್ನು ಮೂರು ರೀತಿ ಹಿಡಿದವು.

ಮೊದಲನೆಯದು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ. ಅದರಲ್ಲಿ ವಿದ್ಯುತ್ತಿನ ಮೇಲೆ ಜೇಮ್ಸ್ ಟೈಟ್ಲರ್ ಬರೆದ ಉದ್ದನೆಯ ಲೇಖನ ಇತ್ತು. ವಿದ್ಯುತ್ ಎಂದರೆ ಒಂದು ದ್ರವವೋ ಎರಡು ದ್ರವವೋ ಎಂದು ಆಗಿನ ಪಂಡಿತರು ವಾದ ಮಾಡುತ್ತಿದ್ದರು. ಟೈಟ್ಲರ್ ಎರಡನ್ನೂ ಒಪ್ಪದೆ, ಅದೊಂದು ಬಗೆಯ ಕಂಪನ ಎಂದು ತನ್ನದೇ ವಾದ ಹೂಡಿದ್ದ. ಅಂದರೆ ಹುಡುಗ ಓದಿದ ಮೊದಲ ದೊಡ್ಡ ವಿಜ್ಞಾನ ಬರಹದಲ್ಲೇ ಜಗಳ ಇತ್ತು. ಈ ವಿಷಯ ಇನ್ನೂ ತೀರ್ಮಾನ ಆಗಿಲ್ಲ ಅನ್ನುವುದು ಅವನಿಗೆ ಮೊದಲ ದಿನವೇ ಗೊತ್ತಾಯಿತು. ಶಾಲಾ ಪುಸ್ತಕಗಳು ಮುಗಿದ ಉತ್ತರಗಳನ್ನು ಕೊಡುತ್ತವೆ. ಅವನಿಗೆ ಸಿಕ್ಕಿದ್ದು ತೆರೆದೇ ಇದ್ದ ಪ್ರಶ್ನೆ.

ಎರಡನೆಯದು ರಸಾಯನಶಾಸ್ತ್ರದ ಮೇಲೆ ಜೇನ್ ಮಾರ್ಸೆಟ್ ಬರೆದ ಸಂಭಾಷಣೆಗಳ ಪುಸ್ತಕ. ಒಬ್ಬ ಶಿಕ್ಷಕಿ ಇಬ್ಬರು ಹುಡುಗಿಯರ ಜೊತೆ ಮಾತಾಡುತ್ತಾ, ಪ್ರಯೋಗ ತೋರಿಸುತ್ತಾ ಪಾಠ ಹೇಳುವ ಪುಸ್ತಕ. ಇದರ ಹಿಂದಿನ ಕತೆಯನ್ನು ಸ್ವಲ್ಪ ನಿಂತು ನೋಡಬೇಕು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಅನ್ನುವ ವಿಜ್ಞಾನ ಸಂಸ್ಥೆಯಲ್ಲಿ ಹಂಫ್ರಿ ಡೇವಿ ಅನ್ನುವ ಹೆಸರಾಂತ ರಸಾಯನ ವಿಜ್ಞಾನಿ ಭಾಷಣ ಮಾಡುತ್ತಿದ್ದರು. ಮಾರ್ಸೆಟ್ ಅಲ್ಲಿ ಕೂತು ಕೇಳಿದವರು. ಭಾಷಣ ಒಂದೇ ಸಲಕ್ಕೆ ಪೂರ್ತಿ ತಲೆಗೆ ಹತ್ತುವುದಿಲ್ಲ, ಮೊದಲೇ ಯಾರಾದರೂ ಕೂರಿಸಿಕೊಂಡು ಮಾತಾಡಿದರೆ ಹತ್ತುತ್ತದೆ ಅನ್ನುವುದು ಅವರ ಸ್ವಂತ ಅನುಭವ. ಅದಕ್ಕೇ ತನ್ನಂಥ ಹೆಂಗಸರಿಗಾಗಿ ಆ ಪುಸ್ತಕ ಬರೆದರು, ತಮ್ಮ ಹೆಸರು ಹಾಕದೆ ಪ್ರಕಟಿಸಿದರು. ಅದು ಬೈಂಡಿಂಗಿಗೆ ಬಂದು ಒಬ್ಬ ಕಮ್ಮಾರನ ಮಗನ ಕೈಗೆ ಬಿತ್ತು. ಆ ಹುಡುಗ ಕೆಲವು ವರ್ಷ ಬಿಟ್ಟು ಅದೇ ಡೇವಿ ಅವರ ಬಾಗಿಲಿಗೆ ಹೋಗಿ ನಿಂತ. ಒಬ್ಬ ಹೆಂಗಸು ತನಗೆ ಅರ್ಥವಾಗದ್ದನ್ನು ಅರ್ಥ ಮಾಡಿಕೊಂಡು ಬೇರೆಯವರಿಗಾಗಿ ಬರೆದಿಟ್ಟರು, ಅಷ್ಟೇ. ಆ ಬರಹ ಯಾರನ್ನು ಮುಟ್ಟುತ್ತದೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

1858ರಲ್ಲಿ, ಮಾರ್ಸೆಟ್ ತೀರಿಕೊಂಡ ಸುದ್ದಿ ಬಂದಾಗ, ಫ್ಯಾರಡೆ ಅವರನ್ನು ನೆನೆದು ಗೆಳೆಯರೊಬ್ಬರಿಗೆ ಪತ್ರ ಬರೆದರು. ತಾನು ಆಳವಾಗಿ ಯೋಚಿಸುವ ಹುಡುಗನಾಗಿರಲಿಲ್ಲ, ವಯಸ್ಸಿಗೆ ಮೀರಿದ ಬುದ್ಧಿಯೂ ಇರಲಿಲ್ಲ. ಕಲ್ಪನೆ ಜಾಸ್ತಿ ಇದ್ದ ಚುರುಕು ಹುಡುಗ, ಅರೇಬಿಯನ್ ನೈಟ್ಸ್ ಕತೆಯನ್ನೂ ಎನ್‌ಸೈಕ್ಲೋಪೀಡಿಯಾವನ್ನೂ ಒಂದೇ ಸಮ ನಂಬಬಲ್ಲವನಾಗಿದ್ದೆ. ಆದರೆ ಸತ್ಯ ಸಂಗತಿಗಳು ನನಗೆ ಮುಖ್ಯವಾಗಿದ್ದವು, ಅವೇ ನನ್ನನ್ನು ಉಳಿಸಿದವು ಎಂದು ಅದರಲ್ಲಿ ಹೇಳಿದ್ದಾರೆ. ಯಾರಾದರೂ ಹೀಗೆ ಅಂದರೆ ಅದನ್ನು ಪಾಟೀಸವಾಲು ಹಾಕದೆ ಒಪ್ಪುತ್ತಿರಲಿಲ್ಲವಂತೆ. ಮಾರ್ಸೆಟ್ ಪುಸ್ತಕದ ಮಾತುಗಳನ್ನೂ ತನ್ನ ಕೈಗೆಟುಕುವ ಚಿಕ್ಕ ಪ್ರಯೋಗಗಳಿಂದ ಒರೆಗೆ ಹಚ್ಚಿ ನೋಡಿದ, ಸರಿ ಇತ್ತು, ಆಮೇಲೆ ನಂಬಿದ. ಮುಂದೆ ಸ್ವಂತ ಪ್ರಬಂಧ ಬರೆದಾಗ ಅದರ ಪ್ರತಿಯನ್ನು ಮಾರ್ಸೆಟ್‌ಗೆ ಕಾಣಿಕೆಯಾಗಿ ಕಳಿಸುತ್ತಿದ್ದರು.

ಮೂರನೆಯದು ಐಸಾಕ್ ವಾಟ್ಸ್ ಬರೆದ, ಮನಸ್ಸನ್ನು ಬೆಳೆಸಿಕೊಳ್ಳುವುದು ಹೇಗೆ ಅನ್ನುವ ಪುಸ್ತಕ. ವಿಜ್ಞಾನದ್ದಲ್ಲ, ಕಲಿಯುವ ವಿಧಾನದ್ದು. ಕಣ್ಣಿಟ್ಟು ನೋಡು, ಓದು, ಪಾಠ ಕೇಳು, ಗೆಳೆಯರೊಡನೆ ಮಾತಾಡು, ಪತ್ರ ಬರೆ, ಓದಿದ್ದನ್ನು ಬರೆದಿಡು. ಇಂಥ ಬುದ್ಧಿಮಾತಿನ ಪುಸ್ತಕ ಓದಿ ಪಕ್ಕಕ್ಕಿಡುವವರೇ ಜಾಸ್ತಿ. ಮೈಕೆಲ್ ಒಂದೊಂದನ್ನೂ ಚಾಚೂ ತಪ್ಪದೆ ಪಾಲಿಸಿದ. 1809ರಲ್ಲಿ ಪತ್ರಿಕೆಗಳಿಂದ, ಪುಸ್ತಕಗಳಿಂದ ವಿಜ್ಞಾನದ ಸುದ್ದಿಗಳನ್ನು ಆರಿಸಿ ಬರೆಯಲು ಒಂದು ನೋಟ್‌ಬುಕ್ ಶುರು ಮಾಡಿದ.

ಪ್ರಯೋಗಕ್ಕೆ ವಾರಕ್ಕೆ ಕೆಲವು ಪೆನ್ನಿ ಮಾತ್ರ ಸಿಗುತ್ತಿತ್ತು. ಅಷ್ಟರಲ್ಲೇ ಸ್ಥಿರವಿದ್ಯುತ್ ಹುಟ್ಟಿಸುವ ಯಂತ್ರ ಮಾಡಿಕೊಂಡ. ಮೊದಲು ಗಾಜಿನ ಸೀಸೆಯಿಂದ, ಆಮೇಲೆ ದುಡ್ಡು ಕೂಡಿದಾಗ ನಿಜವಾದ ಗಾಜಿನ ಉರುಳೆಯಿಂದ. ಆ ಉರುಳೆಯನ್ನು ತಿರುಗಿಸುತ್ತಾ ಉಜ್ಜಿದರೆ ಕಿಡಿ ಬರುತ್ತದೆ.

ಒಂದು ಶಿಲ್ಲಿಂಗಿನ ಪಾಠ

1810ರ ಹೊತ್ತಿಗೆ ಬೀದಿಯಲ್ಲಿ ಅಂಟಿಸಿದ್ದ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಡಾರ್ಸೆಟ್ ಸ್ಟ್ರೀಟಿನ 53ನೇ ಮನೆಯಲ್ಲಿ ಜಾನ್ ಟೇಟಮ್ ಅನ್ನುವವರು ಸಂಜೆ ವಿಜ್ಞಾನದ ಪಾಠ ಹೇಳುತ್ತಿದ್ದರು. ಒಂದು ಪಾಠಕ್ಕೆ ಒಂದು ಶಿಲ್ಲಿಂಗ್. ಅಪ್ರೆಂಟಿಸ್ ಹುಡುಗನಿಗೆ ಸಂಬಳ ಎಲ್ಲಿಂದ ಬರಬೇಕು? ಆ ಶಿಲ್ಲಿಂಗ್ ಕೊಟ್ಟದ್ದು ಅಣ್ಣ ರಾಬರ್ಟ್. ಅಪ್ಪನ ಹಾಗೇ ಕಮ್ಮಾರನಾಗಿದ್ದ ಅಣ್ಣ. ಹಿಂದೆ ತಮ್ಮನಿಗಾಗಿ ಅರ್ಧ ಪೆನ್ನಿಯನ್ನು ಗೋಡೆಯಾಚೆ ಎಸೆದವನೂ ಅವನೇ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಪ್ಪ ತೀರಿಕೊಂಡರು. ಮನೆಯಲ್ಲಿ ಅಂಥ ಸ್ಥಿತಿ ಇದ್ದರೂ ಪಾಠ ನಿಲ್ಲಲಿಲ್ಲ. 1811ರವರೆಗೆ ಹನ್ನೆರಡು ಹದಿಮೂರು ಪಾಠ ಕೇಳಿದ.

ಕೇಳಿದ್ದನ್ನು ಅವನು ಬರೆದುಕೊಂಡ ರೀತಿ ಈ ಇಡೀ ಪ್ರಕರಣದ ತಿರುಳು ಎಂದು ನನಗೆ ಅನಿಸುತ್ತದೆ. ಪಾಠ ನಡೆಯುವಾಗ ಬರೀ ಮುಖ್ಯ ಪದಗಳು, ಚಿಕ್ಕ ವಾಕ್ಯಗಳು, ಪ್ರಯೋಗದ ಹೆಸರು, ವಸ್ತುಗಳ ಹೆಸರು ಗೀಚಿಕೊಳ್ಳುವುದು. ಮನೆಗೆ ಬಂದು ನೆನಪು ಹಸಿಯಾಗಿರುವಾಗಲೇ ಅದನ್ನು ಸ್ವಲ್ಪ ಬಿಡಿಸಿ ಬರೆಯುವುದು. ಆ ಎರಡನ್ನೂ ಮುಂದಿಟ್ಟುಕೊಂಡು ಪೂರ್ತಿ ಪಾಠವನ್ನು ಕ್ರಮವಾಗಿ ಕಟ್ಟುವುದು. ಆಮೇಲೆ ಶುದ್ಧ ಪ್ರತಿ, ಚಿತ್ರಗಳ ಸಮೇತ. ಒಂದು ಪಾಠ ನಾಲ್ಕು ಸಲ ಅವನ ಕೈಯಿಂದ ಹಾದುಹೋಗುತ್ತಿತ್ತು. ನಾಲ್ಕನೇ ಸಲ ಬರೆಯುವ ಹೊತ್ತಿಗೆ ಎಲ್ಲಿ ಅರ್ಥವಾಗಿಲ್ಲ ಅನ್ನುವುದು ಬರೆಯುವವನಿಗೇ ಗೊತ್ತಾಗಿಬಿಡುತ್ತದೆ.

ಉಪಕರಣಗಳ ಚಿತ್ರ ಬರೆಯಲು ಬರುತ್ತಿರಲಿಲ್ಲ. ರೀಬೋ ಮನೆಯಲ್ಲಿ ಬಾಡಿಗೆಗಿದ್ದ ಮಾಸ್ಕೆರಿಯೆ ಅನ್ನುವ ಫ್ರೆಂಚ್ ಮೂಲದ ಕಲಾವಿದ ಅದನ್ನು ಕಲಿಸಿದರು. ದೂರದ್ದು ಚಿಕ್ಕದಾಗಿ, ಹತ್ತಿರದ್ದು ದೊಡ್ಡದಾಗಿ ಕಾಣುವ ಹಾಗೆ ಬರೆಯುವ ಪರ್ಸ್ಪೆಕ್ಟಿವ್ ವಿದ್ಯೆ. ಅದಕ್ಕೆ ಪ್ರತಿಯಾಗಿ ಮೈಕೆಲ್ ಅವರ ಕೋಣೆಯ ಧೂಳು ಹೊಡೆದು, ಬೂಟು ಪಾಲಿಶ್ ಮಾಡುತ್ತಿದ್ದ. ಕೊನೆಗೆ ಟೇಟಮ್ ಪಾಠಗಳ ನೋಟ್ಸನ್ನು ನಾಲ್ಕು ಸಂಪುಟವಾಗಿ ತಾನೇ ಕಟ್ಟಿ, ಅದನ್ನು ರೀಬೋ ಅವರಿಗೆ ಅರ್ಪಿಸಿದ.

ಟೇಟಮ್ ಮನೆಯಲ್ಲೇ ಸಿಟಿ ಫಿಲಾಸಫಿಕಲ್ ಸೊಸೈಟಿ ಅನ್ನುವ ಕೂಟವೂ ಸೇರುತ್ತಿತ್ತು. ಹಗಲು ದುಡಿದು ಸಂಜೆ ಕಲಿಯಲು ಬರುವ ಯುವಕರ ಗುಂಪು. ಅಲ್ಲಿ ಬೆಂಜಮಿನ್ ಆ್ಯಬಟ್ ಸಿಕ್ಕ. ಗುಮಾಸ್ತನಾಗಿದ್ದ ಅವನು ಮೈಕೆಲ್‌ಗಿಂತ ಚೆನ್ನಾಗಿ ಓದಿದ್ದವನು. ಇಬ್ಬರೂ ಒಂದೇ ಊರಿನಲ್ಲಿದ್ದರೂ ಉದ್ದುದ್ದ ಪತ್ರ ಬರೆದುಕೊಂಡರು. ಬರವಣಿಗೆ ಸುಧಾರಿಸಲಿ ಅಂತಲೇ ಬರೆಯುತ್ತಿದ್ದೇನೆ ಎಂದು ಮೈಕೆಲ್ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದ. ಅಲ್ಲೇ ಸಿಕ್ಕ ಇನ್ನೊಬ್ಬ ಗೆಳೆಯ ಎಡ್ವರ್ಡ್ ಮಗ್ರಾತ್, ಮುಂದೆ ಏಳು ವರ್ಷ ಕಾಲ ವಾರಕ್ಕೆ ಎರಡು ಗಂಟೆ ಕೂತು ಅವನ ಉಚ್ಚಾರಣೆ, ವಾಕ್ಯರಚನೆ ತಿದ್ದಿದ. ಏಳು ವರ್ಷ! ಇಂಥ ಗೆಳೆಯ ಸಿಗುವುದು ಎಷ್ಟು ದೊಡ್ಡ ಭಾಗ್ಯ. ತಿದ್ದಿಸಿಕೊಳ್ಳಲು ಅಷ್ಟು ವರ್ಷ ತಲೆ ಬಾಗಿ ಕೂತವನ ಮನಸ್ಸೂ ದೊಡ್ಡದೇ.

ಆ್ಯಬಟ್‌ಗೆ 1812ರ ಜುಲೈ 12ರಂದು ಬರೆದ ಪತ್ರದಲ್ಲಿ ಇಪ್ಪತ್ತು ವರ್ಷದ ಯುವಕನ ಖುಷಿ ಉಕ್ಕುತ್ತದೆ. ತಾನೇ, ತನ್ನ ಕೈಯಾರೆ, ಅರ್ಧ ಪೆನ್ನಿ ಅಳತೆಯ ಏಳು ಸತುವಿನ ಬಿಲ್ಲೆ ಕತ್ತರಿಸಿದೆ ಎಂದು ಸಂಭ್ರಮದಿಂದ ಸಾರುತ್ತಾನೆ. ಅವುಗಳ ಮೇಲೆ ತಾಮ್ರದ ಏಳು ಅರ್ಧ ಪೆನ್ನಿಗಳು, ನಡುನಡುವೆ ಉಪ್ಪುನೀರಿನಲ್ಲಿ ನೆನೆಸಿದ ಕಾಗದದ ಆರು ತುಂಡು. ಇಷ್ಟೇ. ವೋಲ್ಟಾ ಕಂಡುಹಿಡಿದ ಬ್ಯಾಟರಿಯ ಬಡವರ ರೂಪ. ಸತು, ತಾಮ್ರ ಎರಡೂ ಉಪ್ಪುನೀರಿನ ಜೊತೆ ಸೇರಿದಾಗ ಸತುವಿನ ಕಡೆಯಿಂದ ತಾಮ್ರದ ಕಡೆಗೆ ಎಲೆಕ್ಟ್ರಾನ್ ಹರಿಯಲು ದಾರಿ ಕೇಳುತ್ತವೆ. ಒಂದು ಜೋಡಿಯ ಬಲ ಚಿಕ್ಕದು, ಏಳು ಜೋಡಿ ಒಂದರ ಮೇಲೊಂದು ಕೂತರೆ ಬಲ ಕೂಡುತ್ತದೆ. ಆ ಕಾಲದಲ್ಲಿ ಎಲೆಕ್ಟ್ರಾನ್ ಅನ್ನುವ ಮಾತೇ ಇರಲಿಲ್ಲ. ಅವನಿಗೆ ಕಂಡದ್ದು, ಮೆಗ್ನೀಷಿಯಮ್ ಸಲ್ಫೇಟ್ ಕರಗಿಸಿದ ನೀರಿಗೆ ತಂತಿಗಳನ್ನು ಅದ್ದಿದಾಗ ಎದ್ದ ಗುಳ್ಳೆಗಳು, ನಿಧಾನಕ್ಕೆ ಕದಡಿದ ನೀರು. ಪುಸ್ತಕದಲ್ಲಿ ಓದಿದ್ದು ಕಣ್ಣೆದುರೇ ನಡೆದಿತ್ತು. ವಿದ್ಯುತ್ತಿನಿಂದ ವಸ್ತುಗಳನ್ನು ಒಡೆಯುವ ಇದೇ ಕೆಲಸಕ್ಕೆ ಇಪ್ಪತ್ತು ವರ್ಷದ ಮೇಲೆ ಅವರು ನಿಯಮ ಬರೆದರು. ಎಲೆಕ್ಟ್ರೋಲಿಸಿಸ್ ಅನ್ನುವ ಪದವೂ ಬಳಕೆಗೆ ಬಂದದ್ದು ಅವರಿಂದಲೇ.

ಬಾಗಿಲು ತೆರೆದದ್ದು ಹೇಗೆ

ರೀಬೋ ಆ ನೋಟ್ಸ್ ಸಂಪುಟಗಳನ್ನು ಅಂಗಡಿಗೆ ಬಂದವರಿಗೆ ಹೆಮ್ಮೆಯಿಂದ ತೋರಿಸುತ್ತಿದ್ದರು. ವಿಲಿಯಂ ಡ್ಯಾನ್ಸ್ ಅನ್ನುವ ಗಿರಾಕಿ ರಾಯಲ್ ಇನ್‌ಸ್ಟಿಟ್ಯೂಷನ್‌ನ ಸದಸ್ಯ. ಅವರು ಡೇವಿ ಭಾಷಣಗಳಿಗೆ ಮೈಕೆಲ್‌ಗೆ ಟಿಕೆಟ್ ಕೊಡಿಸಿದರು. 1812ರ ಫೆಬ್ರವರಿ 29, ಮಾರ್ಚ್ 14, ಏಪ್ರಿಲ್ 8 ಮತ್ತು 10. ನಾಲ್ಕು ಭಾಷಣ. ಮೇಲಿನ ಗ್ಯಾಲರಿಯಲ್ಲಿ, ಗಡಿಯಾರದ ಮೇಲ್ಭಾಗದ ಜಾಗದಲ್ಲಿ ಕೂತು ಕೇಳಿದ. ಎಂದಿನಂತೆ ಬರೆದ, ಬಣ್ಣದ ಗೆರೆ ಎಳೆದು ಚಿತ್ರ ಬಿಡಿಸಿದ, 300ಕ್ಕೂ ಹೆಚ್ಚು ಪುಟಗಳ ಪುಸ್ತಕ ಕಟ್ಟಿದ.

ಬ್ರಿಟನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಅವರಿಗೆ, ವಿಜ್ಞಾನದಲ್ಲಿ ಎಂಥ ಚಿಕ್ಕ ಕೆಲಸವಾದರೂ ಕೊಡಿ ಎಂದು ಪತ್ರ ಬರೆದ. ಬಾಗಿಲ ಕಾವಲುಗಾರನ ಬಳಿ ವಿಚಾರಿಸಿದಾಗ ಸಿಕ್ಕಿದ್ದು ‘ಉತ್ತರ ಇಲ್ಲ’ ಅನ್ನುವ ಮಾತು. ಅಕ್ಟೋಬರ್‌ನಲ್ಲಿ ಅಪ್ರೆಂಟಿಸ್ ಅವಧಿ ಮುಗಿಯಿತು. ಡಿ ಲಾ ರೋಶ್ ಅನ್ನುವ ಬೈಂಡರ್ ಬಳಿ ಕೂಲಿಗೆ ಸೇರಿದ. ಅದು ಅವನ ಬದುಕಿನ ಕಷ್ಟದ ತಿಂಗಳುಗಳು. ಕಸುಬು ಬರುತ್ತದೆ, ಮನಸ್ಸು ಅಲ್ಲಿಲ್ಲ. ರೀಬೋ ಅಂಗಡಿಯಲ್ಲಿ ಸಿಗುತ್ತಿದ್ದ ಬಿಡುವೂ ಈಗ ಇಲ್ಲ.

ಅದೇ ಹೊತ್ತಿಗೆ ನೈಟ್ರೋಜನ್ ಟ್ರೈಕ್ಲೋರೈಡ್ ಅನ್ನುವ ಸ್ಫೋಟಕ ರಾಸಾಯನಿಕ ಸಿಡಿದು ಡೇವಿ ಕಣ್ಣಿಗೆ ಪೆಟ್ಟಾಯಿತು. ಬರೆದುಕೊಡಲು ಒಬ್ಬರು ಬೇಕಾಯಿತು, ಕೆಲವು ದಿನ ಮೈಕೆಲ್ ಆ ಕೆಲಸ ಮಾಡಿದ. ಆಮೇಲೆ ತಾನು ಕಟ್ಟಿದ ಪುಸ್ತಕದ ಜೊತೆ ಡೇವಿಗೆ ಪತ್ರ ಕಳಿಸಿದ. 1812ರ ಡಿಸೆಂಬರ್ 24ರಂದು ಉತ್ತರ ಬಂತು. ಆ ನೋಟ್ಸಿನಲ್ಲಿ ತಮಗೆ ಬಹಳ ಆಸಕ್ತಿ, ನೆನಪಿನ ಶಕ್ತಿ, ಗಮನ ಕಾಣುತ್ತದೆ ಎಂದು ಡೇವಿ ಬರೆದಿದ್ದರು.

ನೆನಪಿನ ಶಕ್ತಿ ಅನ್ನುವ ಮಾತಿನ ಹತ್ತಿರ ನಾನು ಪ್ರತಿ ಸಲ ನಿಲ್ಲುತ್ತೇನೆ. ಫ್ಯಾರಡೆ ಮುಂದೆ ತಮ್ಮ ಮರೆವಿನ ಬಗ್ಗೆ ಪತ್ರಗಳಲ್ಲಿ ಮತ್ತೆ ಮತ್ತೆ ಬರೆದುಕೊಂಡವರು. ಡೇವಿ ನೋಡಿದ್ದು ನಾಲ್ಕು ಸಲ ಬರೆಯುವ ಪದ್ಧತಿಯ ಫಲವನ್ನು. ಎಲ್ಲವನ್ನೂ ಬರೆದಿಡುವ ಆ ಅಭ್ಯಾಸವನ್ನು ಫ್ಯಾರಡೆ ಮುಂದೆಯೂ ಬಿಡಲಿಲ್ಲ. ಅವರ ಪ್ರಯೋಗದ ದಿನಚರಿಯಲ್ಲಿ ಅಂಕಿ ಹಾಕಿದ ಪ್ಯಾರಾಗಳೇ 16,000ಕ್ಕೂ ಹೆಚ್ಚು.

1813ರ ಆರಂಭದಲ್ಲಿ ಡೇವಿ ಅವನನ್ನು ಕರೆಸಿ ಮಾತಾಡಿದರು. ಕೆಲಸ ಖಾಲಿ ಇಲ್ಲ, ಬೈಂಡಿಂಗ್ ಬಿಡಬೇಡ ಎಂದೇ ಬುದ್ಧಿ ಹೇಳಿ ಕಳಿಸಿದರು. ಅಷ್ಟರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನ ಲ್ಯಾಬ್ ಸಹಾಯಕ ಜಗಳವಾಡಿ ಕೆಲಸ ಕಳೆದುಕೊಂಡ. ಒಂದು ರಾತ್ರಿ ಮೈಕೆಲ್ ಮಲಗಲು ಬಟ್ಟೆ ಬದಲಿಸುತ್ತಿದ್ದಾಗ ಮನೆ ಮುಂದೆ ಸಾರೋಟು ನಿಂತಿತು. ಬೆಳಗ್ಗೆ ಬಂದು ನೋಡು ಎಂಬ ಡೇವಿ ಚೀಟಿ. ಮಾರ್ಚ್ 1ರಂದು ನೇಮಕ ಆಯಿತು. ವಾರಕ್ಕೆ 25 ಶಿಲ್ಲಿಂಗ್, ಮಾಳಿಗೆಯಲ್ಲಿ ಎರಡು ಕೋಣೆ, ಕಲ್ಲಿದ್ದಲು, ಮೇಣದಬತ್ತಿ.

ಇದು ಬರೀ ಅದೃಷ್ಟವಾ? ಸ್ಫೋಟ, ಜಗಳ, ಗಿರಾಕಿಯ ಟಿಕೆಟ್, ಇವೆಲ್ಲ ಅವನ ಕೈಯಲ್ಲಿ ಇರಲಿಲ್ಲ. ನಿಜ. ಆದರೆ ಡ್ಯಾನ್ಸ್ ಟಿಕೆಟ್ ಕೊಡಿಸಿದ್ದು ಕಟ್ಟಿದ ಸಂಪುಟ ನೋಡಿ. ಡೇವಿ ನೆನಪಿಟ್ಟುಕೊಂಡದ್ದೂ ಕಟ್ಟಿದ ಪುಸ್ತಕ ನೋಡಿ. ಎರಡು ಸಲವೂ ಮುಂದಕ್ಕೆ ಹೋದದ್ದು ಬೈಂಡರ್ ಕೈಯ ಕೆಲಸ. ಶಿಫಾರಸು ಪತ್ರ ಕೊಡಿಸಲು ದೊಡ್ಡವರು ಇಲ್ಲದ ಹುಡುಗನಿಗೆ ಅವನ ಕಸುಬೇ ಶಿಫಾರಸು ಆಯಿತು.

ಸಿಗದೇ ಹೋದದ್ದು

ಇಂಥ ಕಲಿಕೆಯಲ್ಲಿ ಎಲ್ಲವೂ ಸರಿ ಇತ್ತು ಎಂದರೆ ಸುಳ್ಳಾಗುತ್ತದೆ. ಗಣಿತ ಅವನಿಗೆ ಸಿಗಲೇ ಇಲ್ಲ. ಅಂಕಗಣಿತದ ಮೊದಲ ಪಾಠಗಳ ಆಚೆ ಕೈ ಹಿಡಿದು ನಡೆಸುವವರು ಇರಲಿಲ್ಲ. ಪುಸ್ತಕ ಓದಿ, ಅಗ್ಗದ ಸಾಮಾನು ಕೂಡಿಸಿ ರಸಾಯನಶಾಸ್ತ್ರ ಕಲಿಯಬಹುದು, ಕ್ಯಾಲ್ಕುಲಸ್‌ನಂಥ ಮೇಲ್ಮಟ್ಟದ ಗಣಿತ ಹಾಗಲ್ಲ. 1857ರಲ್ಲಿ, ಅರವತ್ತಾರರ ವಯಸ್ಸಿನಲ್ಲಿ, ಫ್ಯಾರಡೆ ಯುವ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್‌ಗೆ ಒಂದು ಪತ್ರ ಬರೆದರು. ಗಣಿತಜ್ಞರು ತಾವು ಕಂಡುಕೊಂಡದ್ದನ್ನು ಆ ಗೂಢ ಲಿಪಿಯಿಂದ ಬಿಡಿಸಿ ಸಾಮಾನ್ಯ ಮಾತಿನಲ್ಲಿ ಹೇಳಲು ಆಗುವುದಿಲ್ಲವೇ, ಹಾಗೆ ಹೇಳಿದರೆ ನನ್ನಂಥವರೂ ಅದರ ಮೇಲೆ ಪ್ರಯೋಗ ಮಾಡಬಹುದಲ್ಲ ಎಂದು ಕೇಳಿದರು. ಲೋಕವೇ ಗೌರವಿಸುವ ವಿಜ್ಞಾನಿಯ ಈ ಕೋರಿಕೆ ಓದಿದಾಗ ನನಗೆ ಸಂಕಟ ಆಗುತ್ತದೆ. ವಾರಕ್ಕೊಂದು ಬ್ರೆಡ್ ತಿಂದ ಬಾಲ್ಯ ಅಲ್ಲಿಯವರೆಗೂ ಬೆನ್ನು ಬಿಟ್ಟಿರಲಿಲ್ಲ.

ಗಣಿತ ಇಲ್ಲದ ಕಡೆ ಅವರು ಚಿತ್ರದಲ್ಲಿ ಯೋಚಿಸಿದರು. ಕಾಂತದ ಸುತ್ತ ಕಬ್ಬಿಣದ ಪುಡಿ ಚೆಲ್ಲಿದಾಗ ಮೂಡುವ ಬಾಗು ಗೆರೆಗಳನ್ನು ನೋಡಿ, ಬಲ ಆ ಗೆರೆಗಳ ಉದ್ದಕ್ಕೂ ಜಾಗದಲ್ಲೆಲ್ಲ ಹರಡಿದೆ ಎಂದು ಕಂಡುಕೊಂಡರು. ಬಲರೇಖೆಗಳು ಎಂದು ಇವತ್ತು ಮಕ್ಕಳು ಓದುವುದು ಇದನ್ನೇ. ಮ್ಯಾಕ್ಸ್‌ವೆಲ್ ಅದಕ್ಕೆ ಗಣಿತದ ರೂಪ ಕೊಟ್ಟರು. ಗಣಿತ ಬಾರದಿದ್ದದ್ದೇ ಒಳ್ಳೆಯದಾಯಿತು ಎಂದು ಕೆಲವರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಕೊರತೆಯನ್ನು ಮೀರಿ ಬೆಳೆದದ್ದು ಅವರ ದೊಡ್ಡತನ, ಕೊರತೆಯ ದೊಡ್ಡತನ ಅಲ್ಲ.

ಬೈಂಡಿಂಗ್ ಅಂಗಡಿಯ ಪಾಠ ಮಾತ್ರ ಕೈಬಿಡಲಿಲ್ಲ. 1831ರ ಆಗಸ್ಟ್ 29ರಂದು ಫ್ಯಾರಡೆ ಮೆತುಗಬ್ಬಿಣದ ಒಂದು ಬಳೆ ತೆಗೆದುಕೊಂಡರು. ಹೊರಗಿನ ಅಳತೆ 6 ಇಂಚು. ಅದಕ್ಕೆ ಎರಡು ಕಡೆ ತಾಮ್ರದ ತಂತಿ ಸುತ್ತಿದರು. ಸುತ್ತು ಸುತ್ತಿನ ನಡುವೆ ತಂತಿ ಒಂದಕ್ಕೊಂದು ತಾಗಬಾರದು. ಹೊದಿಕೆ ಇರುವ ತಂತಿ ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಅವರು ಪಕ್ಕಪಕ್ಕದ ಸುತ್ತುಗಳ ನಡುವೆ ಹುರಿದಾರ ಇಟ್ಟರು, ಪದರ ಪದರದ ನಡುವೆ ಹತ್ತಿ ಬಟ್ಟೆ ಹೊದಿಸಿದರು. ಒಂದು ಕಡೆಯ ಸುರುಳಿಗೆ ಬ್ಯಾಟರಿ ಸೇರಿಸಿದ ಗಳಿಗೆ ಇನ್ನೊಂದು ಕಡೆಯ ಸುರುಳಿಗೆ ಸೇರಿಸಿದ್ದ ತಂತಿಯ ಕೆಳಗಿದ್ದ ಕಾಂತದ ಮುಳ್ಳು ಅಲುಗಾಡಿತು. ಬ್ಯಾಟರಿ ತೆಗೆದಾಗ ಮತ್ತೆ ಅಲುಗಿತು. ಕಮ್ಮಾರನ ಕಬ್ಬಿಣ, ಬೈಂಡರ್‌ನ ದಾರ ಮತ್ತು ಬಟ್ಟೆ. ಆ ಬಳೆ ಇವತ್ತಿಗೂ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿದೆ.

ಇನ್ನೊಂದು ಸಂಗತಿ ಬರೆಯದೆ ಈ ಪ್ರಕರಣ ಪೂರ್ತಿಯಾಗುವುದಿಲ್ಲ. ದುಡಿಮೆಗೆ ನಿಂತ ಮೇಲೆ ಮೈಕೆಲ್ ಅಮ್ಮನ ಮನೆ ಖರ್ಚಿಗೆ ಹಣ ಕೊಟ್ಟ. ತನಗಿಂತ ಹತ್ತು ವರ್ಷಕ್ಕೂ ಚಿಕ್ಕವಳಾದ ತಂಗಿ ಮಾರ್ಗರೆಟ್‌ನ ಓದಿನ ಹೊಣೆಯನ್ನೂ ಹೊತ್ತ. ಅವಳನ್ನು ಶಾಲೆಗೆ ಸೇರಿಸಿದ.